ಇಥಿಯೋಪಿಯಾ ಲೇಖನದ ಬಗ್ಗೆ, ಮುಚ್ಚುಮರೆ ಇಲ್ಲದೆ

ನಮಸ್ಕಾರ.

ನೀವು ಕಳಿಸಿದ 'ಇಥಿಯೋಪಿಯಾ ಎಂಬ ವಿಸ್ಮಯ' ಓದಿದೆ. ಅಡಿಸ್ ಅಬಾಬಾದ ಶಾಲೆಯೊಂದರಲ್ಲಿ ಪಾಠ ಮಾಡಿ ಬಂದವರು ನೀವು. ಅಲ್ಲಿನ ಜನ, ಊಟ, ಹಬ್ಬ ಎಲ್ಲವನ್ನೂ ಒಂದೇ ಲೇಖನದಲ್ಲಿ ಹೇಳಲು ಹೊರಟಿದ್ದೀರಿ. ಈಗಿರುವ ರೂಪದಲ್ಲಿ ಇದನ್ನು ನಮ್ಮ ಮಾಸಿಕದಲ್ಲಿ ಹಾಕಲು ಆಗುವುದಿಲ್ಲ. ಆದರೆ ಇದರೊಳಗೇ ಒಂದು ಒಳ್ಳೆಯ ಲೇಖನ ಅಡಗಿದೆ. ಅದಕ್ಕೇ ಒಂದು ಸಾಲಿನ ವಿಷಾದ ಪತ್ರ ಕಳಿಸದೆ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ತಕರಾರು. 'ಅವರು ಇಂಜೆರಾ ತಿನ್ನುತ್ತಾರೆ', 'ಅವರು ಕಾಫಿಪ್ರಿಯರು', 'ಅವರು ದೈವಭಕ್ತರು'. ಯಾರು ಸ್ವಾಮಿ ಈ ಅವರು? 80ಕ್ಕೂ ಹೆಚ್ಚು ಸಮುದಾಯಗಳಿವೆ ಎಂದು ಎರಡನೇ ಪ್ಯಾರಾದಲ್ಲಿ ನೀವೇ ಬರೆದಿದ್ದೀರಿ. ಮೂರನೆಯದರಲ್ಲಿ ಅಷ್ಟೂ ಜನರನ್ನು ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿದ್ದೀರಿ. ಒರೊಮೊ, ಅಮ್ಹಾರಾ, ಸೊಮಾಲಿ, ತಿಗ್ರಾಯ್, ಸಿದಾಮ, ಗುರಾಗೆ ಅಂತ ಹೆಸರು ಸಾಲಾಗಿ ಬರೆದುಬಿಟ್ಟರೆ ಓದುಗನಿಗೆ ಏನೂ ಕಾಣುವುದಿಲ್ಲ. ಅದು ಸಾಮಾನ್ಯ ಜ್ಞಾನದ ಪುಸ್ತಕದ ಕೆಲಸ.

ಈಗ ನಾಲ್ಕನೇ ಪುಟಕ್ಕೆ ಬನ್ನಿ. ಬುಧವಾರ ಮಧ್ಯಾಹ್ನ, ಸ್ಟಾಫ್ ರೂಮು. ಒಂದೇ ದೊಡ್ಡ ತಟ್ಟೆ. ದೋಸೆಯಂಥ ಇಂಜೆರಾ ಮೇಲೆ ಶಿರೊ ಎಂಬ ಕಡಲೆ ಹಿಟ್ಟಿನ ಗೊಜ್ಜು, ಖಾರದ ಮಸೂರ್ ಬೇಳೆ, ಬೇಯಿಸಿದ ಸೊಪ್ಪು. ಕ್ರೈಸ್ತರಾದ ಗಣಿತದ ಮೇಷ್ಟ್ರು, ಮುಸ್ಲಿಮರಾದ ಭೌತಶಾಸ್ತ್ರದ ಮೇಷ್ಟ್ರು ಒಟ್ಟಿಗೆ ಕೈ ಹಾಕಿ ಉಣ್ಣುತ್ತಿದ್ದಾರೆ. ಒಬ್ಬರು ತುತ್ತು ಮಾಡಿ ನಿಮ್ಮ ಬಾಯಿಗೇ ಇಟ್ಟರು. ಗುರುವಾರ ಮಾಂಸದ ಊಟ ಬಂತು. ಅದೇ ಇಬ್ಬರು ಬೇರೆ ಬೇರೆ ತಟ್ಟೆಗೆ ಕೂತರು. ಇಷ್ಟು ಚೆನ್ನಾಗಿ ನೋಡಿದ ನೀವು 'ಆಹಾ, ಎಂಥ ಸೌಹಾರ್ದ!' ಎಂದು ಉದ್ಗರಿಸಿ ಮುಂದೆ ಹೋಗಿಬಿಟ್ಟಿರಿ. ಗುರುವಾರ ಏನಾಯಿತು ಅಂತ ಕೇಳಲೇ ಇಲ್ಲ.

ನಿಮ್ಮ ಲೇಖನ ಇರುವುದೇ ಅಲ್ಲಿ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ಬುಧವಾರ, ಶುಕ್ರವಾರ ಉಪವಾಸ. ಮಾಂಸ, ಹಾಲು, ಬೆಣ್ಣೆ, ಮೊಟ್ಟೆ ಯಾವುದೂ ಇಲ್ಲ. ಈಸ್ಟರ್‌ಗೆ ಮುಂಚೆ ಸತತ 55 ದಿನ ಹೀಗೇ. ಎಲ್ಲ ಉಪವಾಸ ಹಿಡಿಯುವವರಿಗೆ ವರ್ಷದಲ್ಲಿ ಸುಮಾರು ಅರ್ಧದಷ್ಟು ದಿನ ಬೇಳೆ, ಸೊಪ್ಪೇ ಗತಿ. ಇನ್ನು ಮಾಂಸದ ವಿಷಯ. ಕ್ರೈಸ್ತರು ಕೊಯ್ದದ್ದನ್ನು ಮುಸ್ಲಿಮರು ತಿನ್ನುವುದಿಲ್ಲ, ಮುಸ್ಲಿಮರು ಕೊಯ್ದದ್ದನ್ನು ಕ್ರೈಸ್ತರು ಮುಟ್ಟುವುದಿಲ್ಲ. ಇದು ಹಳೆಯ ಕಟ್ಟುಪಾಡು. ಮಾಂಸದಂಗಡಿಗಳೂ ಬೇರೆ ಬೇರೆ. ಹಾಗಾಗಿ ಉಪವಾಸದ ದಿನದ ಶಿರೊ ಮುಂದೆ ಇಬ್ಬರೂ ಕೂರಬಹುದು, ಮಾಂಸದ ದಿನ ಆಗುವುದಿಲ್ಲ. ಯಾರ ತಟ್ಟೆಗೆ ಯಾರು ಕೈ ಹಾಕಬಹುದು ಅನ್ನುವ ಲೆಕ್ಕಾಚಾರ ನಮ್ಮ ಓದುಗರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ, ಅಲ್ವಾ? ನೀವು ವಿವರ ಕೊಡಿ, ಉಳಿದದ್ದು ಅವರಿಗೇ ಹೊಳೆಯುತ್ತದೆ.

'ಇಂಜೆರಾ ಅಂದರೆ ದೊಡ್ಡ ದೋಸೆ' ಎಂದು ಮುಗಿಸಿದ್ದೀರಿ. ಇಷ್ಟಕ್ಕೆ ಬಿಟ್ಟರೆ ಹೇಗೆ? ಟೆಫ್ ಎಂಬ ಸಣ್ಣ ಕಾಳಿನ ಹಿಟ್ಟು ಕಲಸಿ, ಹಿಂದಿನ ಸಲದ ಹುಳಿ ನೀರು ಬೆರೆಸಿ, ಎರಡು ಮೂರು ದಿನ ಹುದುಗಲು ಬಿಡುತ್ತಾರೆ. ಮಿತಾದ್ ಎಂಬ ಅಗಲವಾದ ಕಾವಲಿಯ ಮೇಲೆ ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಹುಯ್ಯುತ್ತಾರೆ. ಮುಚ್ಚಳ ಮುಚ್ಚುತ್ತಾರೆ, ಮಗುಚುವುದಿಲ್ಲ. ಮೇಲೆಲ್ಲ ಕಣ್ಣು ಕಣ್ಣು ಏಳಬೇಕು. ಬಿಳಿ ಟೆಫ್ ದುಬಾರಿ. ಕೈಯಲ್ಲಿ ಕಾಸು ಕಮ್ಮಿ ಇದ್ದವರು ಜೋಳವನ್ನೋ ಬೇರೆ ಧಾನ್ಯವನ್ನೋ ಬೆರೆಸುತ್ತಾರೆ. ನಿಮ್ಮ ಸ್ಟಾಫ್ ರೂಮಿಗೆ ಬರುತ್ತಿದ್ದ ಇಂಜೆರಾ ಯಾವ ಬಣ್ಣದ್ದು? ಬರೆದೇ ಇಲ್ಲ.

ಇಡೀ ದೇಶ ಇಂಜೆರಾ ಮೇಲೇ ಬದುಕಿದೆ ಅನ್ನುವುದೂ ಸರಿಯಲ್ಲ. ದಕ್ಷಿಣದ ಗುರಾಗೆ, ಸಿದಾಮ ಕಡೆ ಎನ್ಸೆಟ್ ಮುಖ್ಯ. ನೋಡಲು ಬಾಳೆ ಗಿಡವೇ, ಆದರೆ ಹಣ್ಣಿಗಾಗಿ ಬೆಳೆಯುವುದಲ್ಲ. ಹೆಂಗಸರು ದಿಂಡನ್ನೂ ಗೆಡ್ಡೆಯನ್ನೂ ಹೆರೆದು, ತಿರುಳನ್ನು ಎಲೆಯಲ್ಲಿ ಸುತ್ತಿ ಗುಂಡಿಯಲ್ಲಿ ಹೂಳುತ್ತಾರೆ. ತಿಂಗಳುಗಟ್ಟಲೆ ಹುಳಿ ಬಂದ ಮೇಲೆ ಅದರಿಂದ ಕೊಚೊ ಎಂಬ ರೊಟ್ಟಿ. ಮಳೆ ತಪ್ಪಿದರೂ ಗಿಡ ತಡೆಯುತ್ತದೆ. ನೀವು ಲೇಖನ ಶುರುಮಾಡಿದ್ದು 1984ರ ಬರದಿಂದ, ಇಡೀ ದೇಶವೇ ಹಸಿವಿನ ಮನೆ ಅನ್ನುವ ಹಾಗೆ. ಆ ಬರದ ಪೆಟ್ಟು ಜಾಸ್ತಿ ಬಿದ್ದದ್ದು ಉತ್ತರದ ತಿಗ್ರಾಯ್, ವೊಲ್ಲೊ ಕಡೆಗೆ. ಮಳೆ ಕೈಕೊಟ್ಟದ್ದರ ಜೊತೆಗೆ ಅಲ್ಲಿ ಯುದ್ಧವೂ ನಡೆದಿತ್ತು. ಆ ಪ್ಯಾರಾ ತೆಗೆದುಬಿಡಿ.

ಕಾಫಿ ಕಾರ್ಯಕ್ರಮಕ್ಕೆ ಒಂದೂವರೆ ಪುಟ ಬೇಡ. ಹಸಿ ಬೀಜ ತೊಳೆದು ಹುರಿಯುವುದು, ಕುಟ್ಟುವುದು, ಜೆಬೆನಾ ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸುವುದು, ಅಬೋಲ್, ತೋನ, ಬರಕಾ ಅಂತ ಮೂರು ಸುತ್ತು ಬಗ್ಗಿಸುವುದು. ಹೋದವರೆಲ್ಲ ಬರೆದದ್ದೇ. ಆದರೆ ಅಷ್ಟು ಹೊತ್ತು ಕೂತು ಅದನ್ನು ಮಾಡಿದ ಆ ಹೆಂಗಸಿಗೆ ಅವತ್ತು ಬೇರೆ ಏನೇನು ಕೆಲಸ ಬಾಕಿ ಇತ್ತು? ಕೇಳಿದ್ದರೆ ಬರೆಯಿರಿ.

ಫೋಟೋಗಳ ಬಗ್ಗೆ. ತುಟಿಗೆ ಮಣ್ಣಿನ ಬಿಲ್ಲೆ ಹಾಕಿಕೊಂಡ ಮುರ್ಸಿ ಹೆಂಗಸಿನ ಚಿತ್ರ ಮುಖಪುಟಕ್ಕೆ ಅಂದಿದ್ದೀರಿ. 2007ರ ಜನಗಣತಿಯಲ್ಲಿ ಮುರ್ಸಿಗಳು ಹತ್ತು ಸಾವಿರವೂ ಇರಲಿಲ್ಲ. ಅವರಿರುವ ಓಮೋ ಕಣಿವೆಗೆ ನೀವು ಹೋದವರೂ ಅಲ್ಲ. ಸುಮ್ನೆ ಯಾಕೆ? ಆ ಬುಧವಾರದ ತಟ್ಟೆಯ ಫೋಟೋ ಇದ್ದರೆ ಕೊಡಿ.

ಕರ್ನಾಟಕದ ನಂಟು ತೋರಿಸಲು ಯಲ್ಲಾಪುರದ ಸಿದ್ದಿಗಳನ್ನು ಎಳೆದು ತಂದಿದ್ದೀರಿ. ಅವರ ಪೂರ್ವಿಕರಲ್ಲಿ ಬಹಳ ಮಂದಿ ಆಫ್ರಿಕಾದ ಆಗ್ನೇಯ ಭಾಗದ ಬಾಂಟು ಜನ. ಇಥಿಯೋಪಿಯಾದಿಂದ ದಖ್ಖನಿಗೆ ಬಂದವರು ಬೇಕಿದ್ದರೆ ಅಹ್ಮದ್‌ನಗರ ಸುಲ್ತಾನರ ಸೇನಾನಿ ಮಲಿಕ್ ಅಂಬರ್ ಇದ್ದಾನೆ, ಆದರೆ ಅವನನ್ನು ತುರುಕಿದರೆ ಲೇಖನ ದಾರಿ ತಪ್ಪುತ್ತದೆ. ನಂಟು ಬೇಕೇ ಬೇಕು ಅಂದರೆ ರಾಗಿ ಇದೆಯಲ್ಲ! ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು. ಇಥಿಯೋಪಿಯಾದಲ್ಲಿ ಅದು ದಗುಸಾ. ಇಂಜೆರಾಕ್ಕೂ ಬಳಸುತ್ತಾರೆ, ಮನೆಯಲ್ಲಿ ಮಾಡುವ ಮದ್ಯಕ್ಕೂ ಬಳಸುತ್ತಾರೆ. ಮಂಡ್ಯದವರಾಗಿ ಇದನ್ನು ಬಿಟ್ಟಿರಲ್ಲ!

ಇನ್ನೊಂದು ಸಣ್ಣ ತಿದ್ದುಪಡಿ. ರಾಜ್ಯಗಳು ಒಂಬತ್ತು ಅಂದಿದ್ದೀರಿ, ಅದು ಹಳೆಯ ಲೆಕ್ಕ. 2019ರ ಜನಮತ ಗಣನೆಯ ನಂತರ 2020ರಲ್ಲಿ ಸಿದಾಮ ಬೇರೆ ರಾಜ್ಯವಾಯಿತು. ಆಮೇಲೂ ದಕ್ಷಿಣ ಭಾಗ ಒಡೆದಿದೆ. ಈಗ ಹನ್ನೆರಡು.

ನಾಲ್ಕನೇ ಪುಟದಿಂದ ಶುರುಮಾಡಿ, ಆ ಇಬ್ಬರು ಮೇಷ್ಟ್ರನ್ನು ಬಿಡದೆ, 1,200 ಪದಗಳಲ್ಲಿ ಮತ್ತೆ ಬರೆಯಿರಿ. ಅವರ ಫೋನ್ ನಂಬರ್ ಇನ್ನೂ ಇದ್ದರೆ ಗುರುವಾರದ ವಿಷಯ ಅವರನ್ನೇ ಕೇಳಿ. ಈ ಸಲ ಕೈಬರಹದ ಸ್ಕ್ಯಾನ್ ಬೇಡ, ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ.

ಸಂಪಾದಕ