ಒಂದೇ ಹೆಸರಿನ ಎರಡು ವೈಫೈ ಇದ್ದರೂ, ಮಹಡಿ ಹತ್ತಿದಾಗ ಫೋನ್ ಕೆಳಗಿನ ರೂಟರನ್ನೇ ಹಿಡಿದುಕೊಂಡಿರುವುದೇಕೆ?

ಯಾವ ರೂಟರ್‌ಗೆ ಸೇರಬೇಕೆಂದು ಕೊನೆಗೆ ತೀರ್ಮಾನಿಸುವುದು ಫೋನೇ, ರೂಟರ್ ಅಲ್ಲ. ಕೆಳಗಿನ ಸಿಗ್ನಲ್ ಅಷ್ಟೋ ಇಷ್ಟೋ ಸಿಗುತ್ತಿದ್ದರೆ ಫೋನ್ ಅದನ್ನು ಬಿಡುವುದಿಲ್ಲ. ಐಫೋನ್ ಸಾಮಾನ್ಯವಾಗಿ ಸಿಗ್ನಲ್ ಬಲ ಮೈನಸ್ 70 ಡಿಬಿಎಂಗಿಂತ ಕೆಳಗಿಳಿದ ಮೇಲಷ್ಟೇ ಬೇರೆಯದನ್ನು ಹುಡುಕಲು ಶುರು ಮಾಡುತ್ತದೆ. ಅಂದರೆ ಕೆಳಗಿನ ರೂಟರ್‌ನ ಪವರ್ ಜಾಸ್ತಿ ಇದ್ದಷ್ಟೂ ತೊಂದರೆ. ವಿಚಿತ್ರ ಅಲ್ವಾ?

ಹಾಗಾಗಿ ಕೆಳಗಿನ ರೂಟರ್‌ನ ಸೆಟ್ಟಿಂಗ್ಸ್‌ನಲ್ಲಿ ಟ್ರಾನ್ಸ್‌ಮಿಟ್ ಪವರ್ ಸ್ವಲ್ಪ ತಗ್ಗಿಸಿ ನೋಡಿ. ಹೆಸರಿನ ಜೊತೆ ಪಾಸ್‌ವರ್ಡ್, ಸೆಕ್ಯುರಿಟಿ ಬಗೆಯೂ ಎರಡರಲ್ಲೂ ಒಂದೇ ಇರಲಿ. ಎರಡನೇ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲೇ (ತಾನೇ ಬೇರೆ ನೆಟ್‌ವರ್ಕ್ ಮಾಡದೆ ಮೊದಲ ರೂಟರ್‌ನದನ್ನೇ ಮುಂದುವರಿಸುವ ಬಗೆ) ಇಡಿ. ಇಲ್ಲದಿದ್ದರೆ ಫೋನ್ ಒಂದು ರೂಟರ್‌ನಿಂದ ಇನ್ನೊಂದಕ್ಕೆ ಬದಲಾದಾಗಲೆಲ್ಲ ಅದರ ಐಪಿ ವಿಳಾಸವೂ (ನೆಟ್‌ವರ್ಕ್‌ನಲ್ಲಿ ಫೋನಿನ ಗುರುತು) ಬದಲಾಗಿ ವಿಡಿಯೋ ಕಾಲ್ ತುಂಡಾಗುತ್ತದೆ. ರೂಟರ್‌ಗಳಲ್ಲಿ 802.11ಕೆ ಎಂಬ ಸೌಲಭ್ಯವಿದ್ದರೆ ಆನ್ ಮಾಡಿ. ಅದರಿಂದ ಅಕ್ಕಪಕ್ಕ ಯಾವ ರೂಟರ್‌ಗಳಿವೆ ಎಂಬ ಪಟ್ಟಿ ಫೋನ್‌ಗೆ ಮೊದಲೇ ಸಿಗುತ್ತದೆ.