ಕೆಂಪು ರಕ್ತಕಣದಲ್ಲಿ ಮೈಟೊಕಾಂಡ್ರಿಯಾ (ಜೀವಕೋಶದ ಶಕ್ತಿ ಉತ್ಪಾದನಾ ಘಟಕ) ಇಲ್ಲ, ಹಾಗಾದರೆ ಅದಕ್ಕೆ ಎಟಿಪಿ (ಶಕ್ತಿ ಒದಗಿಸುವ ಅಣು) ಎಲ್ಲಿಂದ ಬರುತ್ತದೆ?

ಗ್ಲೈಕಾಲಿಸಿಸ್‌ನಿಂದ, ಅಂದರೆ ಗ್ಲೂಕೋಸ್ ಒಡೆಯುವ ಕ್ರಿಯೆಯಿಂದ, ಅದೊಂದರಿಂದಲೇ. ಸೈಟೋಪ್ಲಾಸಂನಲ್ಲಿ ಒಂದು ಗ್ಲೂಕೋಸ್ ಅಣು ಒಡೆದರೆ ಸಿಗುವುದು ನಿವ್ವಳ 2 ಎಟಿಪಿ. ತಾನೇ ಹೊತ್ತು ತಿರುಗುವ ಆಮ್ಲಜನಕವನ್ನು ಕಣ ಇದಕ್ಕೆ ಮುಟ್ಟುವುದೇ ಇಲ್ಲ!

ಕೊನೆಗೆ ಗ್ಲೂಕೋಸ್ ಒಡೆದು ಸಿಕ್ಕ ಪೈರುವೇಟ್ ಲ್ಯಾಕ್ಟೇಟ್ ಆಗುತ್ತದಲ್ಲ, ಅದನ್ನು ಬರೀ ತ್ಯಾಜ್ಯ ಅಂದುಕೊಳ್ಳುವವರೇ ಹೆಚ್ಚು. ಎನ್‌ಎಡಿ ಪ್ಲಸ್ (ಗ್ಲೈಕಾಲಿಸಿಸ್ ನಡೆಯಲು ಬೇಕಾದ ಸಹಾಯಕ ಅಣು) ಮರಳಿ ಸಿಗುವುದು ಆ ಹಂತದಲ್ಲೇ. ಅದಿಲ್ಲದಿದ್ದರೆ ಗ್ಲೈಕಾಲಿಸಿಸ್ ಅರ್ಧಕ್ಕೇ ನಿಲ್ಲುತ್ತದೆ.

ಪರೀಕ್ಷೆಯಲ್ಲಿ ಕೇಳುವುದು ಸಾಮಾನ್ಯವಾಗಿ ಪೈರುವೇಟ್ ಕೈನೇಸ್ ಎಂಬ ಗ್ಲೈಕಾಲಿಸಿಸ್ ಕಿಣ್ವದ ಕೊರತೆಯ ಬಗ್ಗೆ. ಎಟಿಪಿ ಸಾಲದೆ ಕಣದಿಂದ ಪೊಟ್ಯಾಸಿಯಂ, ನೀರು ಸೋರಿಹೋಗುತ್ತವೆ; ಪೊರೆ ಬಿರುಸಾಗಿ ಕಣ ಗುಲ್ಮದಲ್ಲಿ ಸಿಕ್ಕಿ ನಾಶವಾಗುತ್ತದೆ. ಪರಿಣಾಮ, ಹೀಮೊಲಿಟಿಕ್ ಅನೀಮಿಯಾ (ರಕ್ತಕಣ ನಾಶದಿಂದ ಬರುವ ರಕ್ತಹೀನತೆ).

ಕೆಂಪು ರಕ್ತಕಣದಲ್ಲಿ ಕೋಶಕೇಂದ್ರ, ರೈಬೋಸೋಮ್ (ಪ್ರೋಟೀನ್ ತಯಾರಿಸುವ ಭಾಗ) ಎರಡೂ ಇಲ್ಲದ್ದರಿಂದ ಸವೆದ ಕಿಣ್ವಕ್ಕೆ ಬದಲಿ ತಯಾರಾಗುವುದಿಲ್ಲ. ಆರೋಗ್ಯವಂತರಲ್ಲೂ ಕಣದ ಆಯಸ್ಸು ಸುಮಾರು 120 ದಿನ ಅಷ್ಟೇ.