ಪರ್ತ್‌ನಿಂದ ಲಂಡನ್‌ಗೆ ನೇರ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು?

ಆಸ್ಟ್ರೇಲಿಯಾದ ಪರ್ತ್‌ನಿಂದ ಲಂಡನ್ನಿನ ಹೀಥ್ರೂಗೆ ಸುಮಾರು 14,500 ಕಿ.ಮೀ. ಆಸ್ಟ್ರೇಲಿಯಾದ ವಿಮಾನ ಸಂಸ್ಥೆ ಕ್ವಾಂಟಸ್ 2018ರ ಮಾರ್ಚ್‌ನಲ್ಲಿ ಈ ನೇರ ವಿಮಾನ ಶುರುಮಾಡಿತು. ಹೋಗೋಕೆ 17 ಗಂಟೆ, ಕೆಲವೊಮ್ಮೆ ಸ್ವಲ್ಪ ಜಾಸ್ತಿ. ವಾಪಸ್ ಬರುವಾಗ ಸಾಮಾನ್ಯವಾಗಿ ಕಡಿಮೆ ಹೊತ್ತು ಸಾಕು. ತುಂಬಾ ಎತ್ತರದ ಜೋರು ಗಾಳಿ (ಜೆಟ್ ಸ್ಟ್ರೀಮ್) ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ವಿಮಾನವನ್ನು ಹಿಂದಿನಿಂದ ತಳ್ಳುತ್ತದೆ.

ಟಿಕೆಟ್‌ನಲ್ಲಿರುವ ಸಮಯ ನೋಡಿ ಲೆಕ್ಕ ಹಾಕಬೇಡಿ. ಅದು ಆಯಾ ಊರಿನ ಸಮಯ. ಲಂಡನ್ನಿನ ಚಳಿಗಾಲದಲ್ಲಿ ಅಲ್ಲಿನ ಸಮಯ ಪರ್ತ್‌ಗಿಂತ 8 ಗಂಟೆ ಹಿಂದೆ. ಸಂಜೆ 7ಕ್ಕೆ ಹೊರಟು 17 ಗಂಟೆ ಹಾರಿದರೆ ಪರ್ತ್‌ನಲ್ಲಿ ಮರುದಿನ ಮಧ್ಯಾಹ್ನ 12 ಆಗಿರುತ್ತದೆ. ಲಂಡನ್‌ನಲ್ಲಿ ಮಾತ್ರ ಇನ್ನೂ ಬೆಳಗಿನ ಜಾವ 4! ಬರೀ 9 ಗಂಟೆ ಪ್ರಯಾಣ ಅನ್ನಿಸುತ್ತೆ, ಅಲ್ವಾ?

ದಾರಿಯಲ್ಲಿ ಯಾವುದಾದರೂ ದೇಶ ತನ್ನ ವಾಯುಪ್ರದೇಶ ಮುಚ್ಚಿದ್ದರೆ ಸುತ್ತು ಹಾಕಬೇಕಾಗುತ್ತದೆ. ಆಗ ಇಂಧನಕ್ಕಾಗಿ ನಡುವೆ ಇಳಿಯಬೇಕಾಗಿಯೂ ಬರಬಹುದು. ಹೊರಡುವ ಮುನ್ನ ಒಮ್ಮೆ ವಿಚಾರಿಸಿಕೊಳ್ಳಿ.